ಅತ್ತೆ ಅಫೀಮು ಬಿಟ್ಟ ವರ್ಷ

ನನ್ನ ತವರು ಬಾದಾಮಿ. ನಮ್ಮದೂ ನೇಕಾರರ ಮನೆತನವೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟುಹೋಗಿತ್ತು. ಅಪ್ಪ ಕನ್ನಡ ಸಾಲೆಯ ಮಾಸ್ತರರಾಗಿದ್ದರು. ಅವರು ನನಗೆ ಓದು ಬರಹ ಕಲಿಸಿದರು. ರಾಟೆ ತಿರುಗಿಸುವುದನ್ನು ಯಾರೂ ಕಲಿಸಲಿಲ್ಲ. ಇಳಕಲ್ಲಿಗೆ ನನ್ನನ್ನು ಕೊಟ್ಟಾಗ ಬಾಗಲಕೋಟೆಯ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಎತ್ತಿನ ಗಾಡಿ ಹೂಡಿಸಿಕೊಂಡು ಹುನಗುಂದದ ಮೇಲೆ ಹಾಯ್ದು ಅತ್ತೆಯ ಮನೆಯ ಹೊಸ್ತಿಲು ದಾಟಿದೆ. ಓಣಿಗೆ ಓಣಿಯೇ ಮಗ್ಗದ ಸಪ್ಪಳ. ಮೊದಲ ವಾರ ಆ ಸಪ್ಪಳಕ್ಕೆ ನನಗೆ ನಿದ್ದೆ ಬರಲಿಲ್ಲ; ಆಮೇಲೆ ಅದು ನಿಂತರೆ ಎಚ್ಚರವಾಗುತ್ತಿತ್ತು.

ಮನೆಯಲ್ಲಿ ಇದ್ದವರು ಅತ್ತೆ ಮತ್ತು ನನ್ನ ಗಂಡ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಊಟಕ್ಕೆ ಮಾತ್ರ ಏಳುತ್ತಿದ್ದ. ಇಳಕಲ್ ಸೀರೆಯ ಮೈಗೆ ಬೇರೆ ಹಾಸು, ಅಂದರೆ ಉದ್ದದ ಎಳೆಗಳು; ಸೆರಗಿಗೆ ಬೇರೆ ಹಾಸು. ಅವೆರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸದಲ್ಲಿ ನನ್ನ ಅತ್ತೆಯನ್ನು ಮೀರಿಸಿದವರು ನಮ್ಮ ಓಣಿಯಲ್ಲಿ ಇರಲಿಲ್ಲ. ಅವಳ ಬೆರಳುಗಳು ಕಣ್ಣಿಗಿಂತ ಮುಂದೆ ಓಡುತ್ತಿದ್ದವು. ಬೇರೆ ಮನೆಯವರೂ ಅವಸರದ ಸೀರೆಗಳನ್ನು ಅವಳ ಕಡೆ ತಂದು ಹಾಕುತ್ತಿದ್ದರು.

ಆದರೆ ಈ ಮನೆಯಲ್ಲಿ ಇಬ್ಬರು ಅತ್ತೆಯರಿದ್ದಾರೆ ಎಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಮುಂಜಾನೆ ಎದ್ದವಳು ಯಾರನ್ನೂ ಹತ್ತಿರ ಬರಗೊಡುತ್ತಿರಲಿಲ್ಲ. ರೊಟ್ಟಿ ದಪ್ಪ ಆಗಿದ್ದರೂ ಬೈಗಳು, ತೆಳ್ಳಗಾಗಿದ್ದರೂ ಬೈಗಳು. ಒಂದು ತಾಸು ಕಳೆಯಿತೆಂದರೆ ಅವಳೇ ನನ್ನ ತಲೆ ಬಾಚಿ, ತವರಿನ ಸುದ್ದಿ ಕೇಳಿ, ‘ತಂಗಿ’ ಎಂದು ಕರೆಯುತ್ತಿದ್ದಳು. ಮಧ್ಯಾಹ್ನ ಅರೆಗಣ್ಣು ಮುಚ್ಚಿ ಗೋಡೆಗೊರಗಿ ತೋಳು ಕೆರೆದುಕೊಳ್ಳುತ್ತ ಕೂಡುವಳು. ಸಂಜೆಗೆ ಮತ್ತೆ ಸಿಡುಕು, ಮತ್ತೆ ಶಾಂತ. ಅವಳ ಎಲೆ-ಅಡಿಕೆಯ ಚೀಲದಲ್ಲಿ ಒಂದು ಹಿತ್ತಾಳೆಯ ಡಬ್ಬಿ ಇತ್ತು. ಅದರಲ್ಲಿ ಕಪ್ಪಗೆ, ಮೇಣದ ಹಾಗೆ ಇದ್ದದ್ದು ಅಫೀಮು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ದಿನಕ್ಕೆ ಎರಡು ಹೊತ್ತು, ಬಟಾಣಿಯಷ್ಟು ಉಂಡೆ. ಆಗ ಅದು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಎರಡನೆಯ ಬಾಣಂತನದ ಹೊಟ್ಟೆನೋವಿಗೆ ಅವಳ ಅತ್ತೆ ಕೊಟ್ಟದ್ದಂತೆ. ನೋವು ಹೋಯಿತು, ಅಫೀಮು ಉಳಿಯಿತು.

ನಮ್ಮ ಓಣಿಯಲ್ಲಿ ಅದಕ್ಕೆ ಇನ್ನೊಂದು ಉಪಯೋಗವಿತ್ತು. ತಾಯಂದಿರು ಕಂಡಿಕೆಗೆ ನೂಲು ಸುತ್ತಬೇಕು, ನೂಲಿಗೆ ಗಂಜಿ ಹಚ್ಚಬೇಕು, ಕೊಂಡಿ ಹಾಕಬೇಕು. ಕೂಸು ಅಳುತ್ತಿದ್ದರೆ ಕೆಲಸ ಸಾಗುವುದಿಲ್ಲ. ಹೀಗಾಗಿ ಸಾಸಿವೆ ಕಾಳಿನಷ್ಟು ಅಫೀಮನ್ನು ಮೊಲೆಹಾಲಿನಲ್ಲಿ ತೇಯ್ದು ನೆಕ್ಕಿಸುತ್ತಿದ್ದರು. ಕೂಸು ಅರ್ಧ ದಿನ ಮಲಗುತ್ತಿತ್ತು. ಡಬ್ಬಿ ಸದಾ ತುಂಬಿರುತ್ತಿದ್ದದ್ದು ನನ್ನ ಅತ್ತೆಯ ಹತ್ತಿರ, ಆದ್ದರಿಂದ ಓಣಿಯ ಹೆಂಗಸರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳೂ ಇಲ್ಲವೆನ್ನುತ್ತಿರಲಿಲ್ಲ. ಅದನ್ನು ಯಾರೂ ಕೆಟ್ಟ ಕೆಲಸವೆಂದು ತಿಳಿದಿರಲಿಲ್ಲ, ಉಪಕಾರವೆಂದೇ ತಿಳಿದಿದ್ದರು.

ನನಗೆ ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಏಳು ತಿಂಗಳಾಗಿ ಹಲ್ಲು ಬರುವ ಹೊತ್ತಿಗೆ ಲಗ್ನದ ದಿನಗಳು ಸುರುವಾದವು, ಮನೆಯಲ್ಲಿ ತಲೆ ಎತ್ತಲಾಗದಷ್ಟು ಕೆಲಸ. ಕೂಸು ಹಗಲಿಡೀ ಅಳುತ್ತಿತ್ತು. ಅತ್ತೆ ಒಂದೆರಡು ಸಲ ನೆಕ್ಕಿಸಿದ್ದಳು. ನಾನು ಬೇಡ ಎನ್ನಲಿಲ್ಲ. ಖರೆ ಹೇಳಬೇಕೆಂದರೆ ಕೂಸು ಮಲಗಿದಾಗ ನನಗೂ ಸುಖವೆನ್ನಿಸುತ್ತಿತ್ತು.

ಈಗ ಬರೆಯುವುದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. ಒಂದು ಮಧ್ಯಾಹ್ನ ಅತ್ತೆ ಗೋಡೆಗೊರಗಿ ಮಂಪರಿನಲ್ಲಿದ್ದಳು. ಕೂಸು ಕಿರಿಚಿಕೊಳ್ಳುತ್ತಿತ್ತು. ರಾಟೆಯಲ್ಲಿ ನನ್ನ ಎಳೆ ಮೂರು ಸಲ ಹರಿಯಿತು. ನಾನೇ ಎದ್ದು ಅವಳ ಚೀಲದಿಂದ ಡಬ್ಬಿ ತೆಗೆದು, ಅವಳು ಮಾಡುತ್ತಿದ್ದಂತೆಯೇ ತೇಯ್ದು ಕೂಸಿಗೆ ನೆಕ್ಕಿಸಿದೆ. ಅಂದು ಮುಂಜಾನೆ ಅತ್ತೆ ಒಮ್ಮೆ ಕೊಟ್ಟಿದ್ದಳು ಎನ್ನುವುದು ನನಗೆ ಗೊತ್ತಿರಲಿಲ್ಲ.

ಕೂಸು ಸುಮ್ಮನಾಯಿತು. ನಾನು ಒಂದು ಬುಟ್ಟಿ ಕಂಡಿಕೆ ಸುತ್ತಿ ಮುಗಿಸಿದೆ. ಹಾಲು ಕುಡಿಸೋಣವೆಂದು ಎತ್ತಿಕೊಂಡರೆ ಕೂಸಿನ ತಲೆ ಹಿಂದಕ್ಕೆ ಜೋತುಬಿತ್ತು. ತುಟಿ ನೀಲಿಯಾಗಿತ್ತು. ಉಸಿರು ಇದೆಯೋ ಇಲ್ಲವೋ ತಿಳಿಯದಷ್ಟು ಸಣ್ಣಗೆ ಆಡುತ್ತಿತ್ತು. ನಾನು ಕೂಗಿದ್ದಕ್ಕೆ ಅತ್ತೆ ಎದ್ದು ಬಂದಳು, ಗಂಡ ಮಗ್ಗ ಬಿಟ್ಟು ಬಂದ, ಪಕ್ಕದ ಮನೆಯ ಮುದುಕಿಯೂ ಓಡಿ ಬಂದಳು. ಆಕೆ ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆಯವಳು. ಕೈಗಳು ಮೊಣಕೈ ತನಕ ನೀಲಿ. ಆಕೆ ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು ಅಂಗಾಲಿಗೆ ಬಡಿದಳು, ಮುಖಕ್ಕೆ ತಣ್ಣೀರು ಚಿಮುಕಿಸಿದಳು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಮಲಗಗೊಡಬಾರದು, ಮಲಗಿದರೆ ಹೋಯಿತು ಎಂದು ಹೇಳಿ ಅಂಗಳದಲ್ಲಿ ಎತ್ತಿಕೊಂಡು ತಿರುಗಿದಳು. ಆಕೆ ದಣಿದರೆ ಅತ್ತೆ, ಅತ್ತೆ ದಣಿದರೆ ಆಕೆ. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಕೂಸು ಕಣ್ಣು ತೆರೆದು ಸಣ್ಣಗೆ ಅತ್ತಿತು. ಆಗ ನನ್ನ ಗಂಡ ಕೇಳಿದ, ಇದಕ್ಕೆ ಅಷ್ಟು ಕೊಟ್ಟವರು ಯಾರು ಎಂದು.

ಅತ್ತೆ ನನ್ನ ಮುಖ ನೋಡಿದಳು. ಅವಳ ಚೀಲ ನಾನು ಬಿಟ್ಟಲ್ಲೇ, ರಾಟೆಯ ಪಕ್ಕದಲ್ಲಿ ಬಿದ್ದಿತ್ತು. ಅವಳಿಗೆ ಎಲ್ಲ ತಿಳಿಯಿತು.

“ನಾ ಕೊಟ್ಟೇನಿ” ಅಂದಳು.

ನನ್ನ ಗಂಡ ಹೆತ್ತ ತಾಯಿಗೆ ಏನು ಅನ್ನಬಾರದೋ ಅದನ್ನೆಲ್ಲ ಅಂದ. ಅವಳು ತಲೆ ತಗ್ಗಿಸಿ ನಿಂತಳು. ನಾನು ಬಾಯಿ ಬಿಡಲಿಲ್ಲ.

ಅಂದಿನಿಂದಲೇ ಅವಳು ಅಫೀಮು ಬಿಟ್ಟಳೆಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಹಾಗಾಗಲಿಲ್ಲ. ಕೂಸಿಗೆ ಹಾಲು ಕುಡಿಸಿ ನಾನು ಒಳಗೆ ಬಂದಾಗ ಅವಳು ಒಲೆಯ ಮುಂದೆ ಕುಳಿತು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೆದರಿಕೆಯನ್ನು ತಡೆದುಕೊಳ್ಳಲು ಅವಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಹೇಸಿಕೆ ಹುಟ್ಟಿತು. ನನ್ನ ತಪ್ಪನ್ನು ಹೊತ್ತವಳ ಮೇಲೆಯೇ ಹೇಸಿಕೆ.

ಎರಡು ದಿನ ಬಿಟ್ಟು ಸೋಮವಾರ ಅವಳು ನನ್ನನ್ನು ಕರೆದುಕೊಂಡು ಓಣಿಯ ತುದಿಯ ಸಣ್ಣ ಮಠಕ್ಕೆ ಹೋದಳು. ಅಲ್ಲಿಯ ಸ್ವಾಮಿಗಳನ್ನು ನಾವೆಲ್ಲ ಅಜ್ಜಾರ ಎನ್ನುತ್ತಿದ್ದೆವು. ವಯಸ್ಸಾದವರು, ಬಾಯಲ್ಲಿ ನಾಲ್ಕು ಹಲ್ಲು, ಹಿತ್ತಲಲ್ಲಿ ತಾವೇ ಬದನೆ ಗಿಡ ಹಚ್ಚಿಕೊಂಡಿದ್ದರು. ಅತ್ತೆ ಅವರ ಮುಂದೆ ಬಿದ್ದು, ಬಿಟ್ಟೇನೆಂದು ಆಣೆ ಮಾಡುತ್ತೇನೆ ಅಂದಳು. ಅಜ್ಜಾರು ಕೈಯ ಮಣ್ಣು ಒರೆಸಿಕೊಳ್ಳುತ್ತ ಕುಳಿತರು.

“ಆಣಿ ಮಾಡಬ್ಯಾಡ ಯವ್ವಾ. ನನ್ನ ಮುಂದ ಭಾಳ ಮಂದಿ ಮಾಡ್ಯಾರ. ದಿನಾ ಮುಂಜಾನಿ ಲಿಂಗಾ ಅಂಗೈಯಾಗ ಇಟ್ಟಕೊಂಡು ಒಂದು ಗಳಿಗಿ ಕೂಡು. ಕೈ ನಡುಗಿದ್ರ ನಡಗಲಿ. ಸುಳ್ಳ ಮಾತ್ರ ಹೇಳಬ್ಯಾಡ. ನನಗೂ ಹೇಳಬ್ಯಾಡ, ಅದಕ್ಕೂ ಹೇಳಬ್ಯಾಡ.”

ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರಲ್ಲಿ ಲಿಂಗವೂ ಇತ್ತು, ನಮ್ಮೆಲ್ಲರ ಕೊರಳಲ್ಲಿ ಇರುವ ಹಾಗೆ. ಆದರೆ ಪೂಜೆ ಎನ್ನುವುದು ಹೆಸರಿಗೆ ಮಾತ್ರ. ವಿಭೂತಿ ಹಚ್ಚಿ ಕಣ್ಣಿಗೊತ್ತಿಕೊಂಡು ಮತ್ತೆ ಕಟ್ಟಿಬಿಡುತ್ತಿದ್ದಳು. ಮರುದಿನದಿಂದ ಅವಳು ಖರೆಖರೆಯೇ ಕುಳಿತಳು. ಅಫೀಮನ್ನು ಒಮ್ಮೆಲೇ ಬಿಡದೆ ದಿನದಿನಕ್ಕೆ ಸಣ್ಣದು ಮಾಡುತ್ತ ಹೋಗುವುದೆಂದು ಗೊತ್ತುಮಾಡಿಕೊಂಡಳು. ಹಿತ್ತಾಳೆಯ ಡಬ್ಬಿಯನ್ನು ತಂದು ನನ್ನ ಉಡಿಯಲ್ಲಿ ಹಾಕಿದಳು.

“ಇದು ನಿನ್ನ ಕಡೆ ಇರಲಿ. ನೀನ ಉಂಡಿ ಮಾಡಿ ಕೊಡು. ನಾ ಬೇಡಿದ್ರೂ, ಬೈದ್ರೂ ಹೆಚ್ಚಿಗಿ ಕೊಡಬ್ಯಾಡ.”

ಅತ್ತೆಯ ಮಾತಿಗೆ ಎದುರಾಡದ ಸೊಸೆಯ ಕೈಗೆ ಅತ್ತೆಯ ಲಗಾಮು ಬಂತು. ಅವಳು ಬೇಡಿದ ದಿನಗಳಿವೆ. ನನ್ನ ತವರಿನವರನ್ನೆಲ್ಲ ಹರಾಜಿಗಿಟ್ಟು ಬೈದ ದಿನಗಳಿವೆ. ಒಂದು ಮುಂಜಾನೆ ನನ್ನ ಸೆರಗು ಹಿಡಿದು ಸಣ್ಣ ಹುಡುಗಿಯ ಹಾಗೆ ಅತ್ತಳು. ನಾನು ಕೊಡಲಿಲ್ಲ. ಗಟ್ಟಿ ಮನಸ್ಸಿನವಳೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಉಂಡೆ ಬಟಾಣಿಯಿಂದ ಜೋಳದ ಕಾಳಿಗೆ ಇಳಿಯಿತು, ಬರಬರುತ್ತ ಬೇಡುವುದೂ ನಿಂತಿತು. ಅಷ್ಟಾದರೂ ಅವಳ ಕೈ ನಡುಗುತ್ತಿರಲಿಲ್ಲ, ಕೊಂಡಿ ತಪ್ಪುತ್ತಿರಲಿಲ್ಲ, ಮಾತೂ ಮೆತ್ತಗಾಗಿತ್ತು. ಲಿಂಗಪೂಜೆಯ ಫಲ ಇಷ್ಟು ಬೇಗ ಸಿಗುತ್ತದೆಯೇ ಎಂದು ನಾನು ಬೆರಗಾಗಿದ್ದೆ.

ಆ ಬೆರಗು ಒಂದು ಬೀಸುವ ಕಲ್ಲಿನ ಮುಂದೆ ಮುಗಿಯಿತು. ನಾವಿಬ್ಬರೂ ಎದುರುಬದುರು ಕುಳಿತು ಜೋಳ ಬೀಸುತ್ತಿದ್ದೆವು. ಅವಳ ಕೊರಳಿನ ಶಿವದಾರ ಹಳತಾಗಿತ್ತು. ಬಾಗಿ ಎಳೆಯುವಾಗ ಹರಿದು ಕರಡಿಗೆ ಕಲ್ಲಿನ ಅಂಚಿಗೆ ಬಡಿದು ಬಾಯಿ ತೆರೆಯಿತು. ಲಿಂಗ ಹಿಟ್ಟಿನಲ್ಲಿ ಬಿತ್ತು. ಅದರ ಜೊತೆಗೇ ಅರಿವೆಯ ಚೂರಿನಲ್ಲಿ ಸುತ್ತಿದ ಒಂದು ಕರಿಯ ಉಂಡೆಯೂ ಬಿತ್ತು.

ಇಬ್ಬರೂ ಕೈ ನಿಲ್ಲಿಸಿದೆವು. ನಾನು ಡಬ್ಬಿ ಕಾಯುತ್ತಿದ್ದಾಗ ಅವಳು ಓಣಿಯ ಯಾರದೋ ಕೈಯಲ್ಲಿ ಬೇರೆ ತರಿಸಿಕೊಂಡು, ಯಾರೂ ಮುಟ್ಟದ ಜಾಗದಲ್ಲಿ ಇಟ್ಟುಕೊಂಡಿದ್ದಳು. ಅವಳು ಮೊದಲು ಲಿಂಗವನ್ನು ಎತ್ತಿ ನೀರಿನಿಂದ ತೊಳೆದು ಕಣ್ಣಿಗೊತ್ತಿಕೊಂಡಳು. ಆಮೇಲೆ ಆ ಉಂಡೆಯನ್ನು ಬಲಮುಷ್ಟಿಯಲ್ಲಿ ಹಿಡಿದು, ಮೊಣಕೈ ತನಕ ಹಿಟ್ಟು ಮೆತ್ತಿಕೊಂಡವಳು ಹಾಗೆಯೇ ಓಣಿಗೆ ಇಳಿದಳು. ನಾನು ಸೆರಗು ಹೊದ್ದು ಹಿಂದೆ ಓಡಿದೆ. ಮಠದ ಅಂಗಳದಲ್ಲಿ ನಾಲ್ಕೈದು ಜನ ಗಂಡಸರಿದ್ದರು. ಅವರು ಹೋಗುವ ತನಕ ಅವಳು ಕಾಯಲಿಲ್ಲ.

“ಅಜ್ಜಾರ, ಇದನ್ನ ಲಿಂಗದ ಮಗ್ಗಲಾಗ ಇಟ್ಟಿದ್ನಿ. ಪೂಜಿಗೆ ಕೂಡೂ ಮದಲ ಇದನ್ನ ತಿಂತಿದ್ನಿ. ಇಷ್ಟು ದಿನಾ ಕೂತದ್ದೆಲ್ಲಾ ಸುಳ್ಳು.”

ಅಜ್ಜಾರು ಕೈ ಚಾಚಿ ಉಂಡೆ ಇಸಿದುಕೊಂಡು ಬಚ್ಚಲಿಗೆ ಹಾಕಿ ಎರಡು ತಂಬಿಗೆ ನೀರು ಸುರಿದರು.

“ಕೂತದ್ದು ಸುಳ್ಳ ಆಗಿದ್ರ ಇವತ್ತ ನೀ ಇಲ್ಲಿ ಬರತಿರಲಿಲ್ಲ ಯವ್ವಾ. ನಾಳಿ ಮುಂಜಾನಿ ಮತ್ತ ಕೂಡು” ಅಂದರು.

ಮನೆಗೆ ಬಂದು ಅವಳು ನನ್ನ ಹತ್ತಿರದ ಡಬ್ಬಿಯನ್ನೂ ಕೇಳಿದಳು. ನಾನು ಕೊಟ್ಟೆ. ಅದನ್ನು ತಾನೇ ಬಚ್ಚಲಿಗೆ ಸುರಿದಳು. ಜೋಳದ ಕಾಳಿನಷ್ಟೂ ಉಳಿಯಲಿಲ್ಲ.

ಮುಂದಿನ ಹನ್ನೊಂದು ದಿನಗಳನ್ನು ನೆನೆಸಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಕಣ್ಣು ಮೂಗು ಸುರಿಯುತ್ತಲೇ ಇದ್ದವು. ಹೊಟ್ಟೆ ಕೆಟ್ಟಿತು. ಬಿಸಿಲಲ್ಲಿ ಎರಡು ಕೌದಿ ಹೊದ್ದರೂ ಚಳಿ. ಎಲುಬುಗಳಲ್ಲಿ ಇರುವೆ ಹರಿಯುತ್ತವೆ ಎಂದು ಕಾಲುಗಳನ್ನು ನೆಲಕ್ಕೆ ಬಡಿಯುತ್ತಿದ್ದಳು. ಪಕ್ಕದ ಮನೆಯ ಮುದುಕಿ ದಿನಾ ಶುಂಠಿ ಬೆಲ್ಲದ ಕಷಾಯ ಕಾಸಿ ತಂದು, ನೀಲಿ ಕೈಗಳಿಂದ ಅವಳ ಕಾಲು ಒತ್ತುತ್ತ ಕೂಡುತ್ತಿದ್ದಳು. ಐದು ಹೊತ್ತಿನ ನಮಾಜು ಮಾಡುವ ಹೆಂಗಸು ಆಕೆ. ನಾ ದಿನಾ ನಿನ್ನ ಸಲುವಾಗಿ ಬೇಡಿಕೊಳ್ಳುತ್ತೇನೆ ಎಂದು ಹೇಳಿ, “ನಿಮ್ಮ ದೇವರು ನಮ್ಮ ದೇವರು ಕೂಡಿ ಒಂದು ಮುದುಕಿನ್ನ ಹಿಡಕೊಳ್ಳಾಕ ಆಗೂದಿಲ್ಲೇನ?” ಎಂದಳು. ಆ ಹನ್ನೊಂದು ದಿನಗಳಲ್ಲಿ ಅತ್ತೆ ನಕ್ಕದ್ದು ಅದೊಂದೇ ಸಲ.

ಎಲ್ಲರಿಗಿಂತ ಕಷ್ಟ ಕೊಟ್ಟವನು ನನ್ನ ಗಂಡ. ಅವನು ಕೆಟ್ಟವನಲ್ಲ. ತಾಯಿಯ ನರಳಾಟ ಅವನಿಂದ ನೋಡಲಾಗುತ್ತಿರಲಿಲ್ಲ, ಕೊಂಡಿ ಹಾಕುವವರಿಲ್ಲದೆ ಸೆರಗಿನ ಕೆಲಸವೂ ನಿಂತಿತ್ತು. ಅಂಗಡಿಯಿಂದ ನಾನೇ ತರುತ್ತೇನೆ, ಒಂದಿಷ್ಟೇ ಇಷ್ಟು ಕೊಟ್ಟುಬಿಡು, ಅವಳೂ ಬದುಕುತ್ತಾಳೆ, ಸೀರೆಯೂ ಮುಗಿಯುತ್ತದೆ ಅಂದ. ಗಂಡನಿಗೆ ಇಲ್ಲವೆಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಆ ದಿನಗಳಲ್ಲೂ ಅವಳು ಮುಂಜಾನೆಯ ಪೂಜೆ ಬಿಡಲಿಲ್ಲ. ಎಡ ಅಂಗೈಯ ಮೇಲೆ ಲಿಂಗ ಇಟ್ಟರೆ ಅದು ಕುಣಿಯುತ್ತಿತ್ತು. ಬೀಳುತ್ತದೆಂದು ಬಲಗೈಯಿಂದ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನೋಡುತ್ತಿದ್ದಳು. ಏನು ಕಾಣುತ್ತಿತ್ತೋ ನನಗೆ ಗೊತ್ತಿಲ್ಲ. ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ. ಹೇಸಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ನನಗೆ ಅವಳ ಬಗ್ಗೆ ಒಂದು ತರಹದ ಭಯಭಕ್ತಿ ಬಂದಿತ್ತು. ನಾನಾಗಿದ್ದರೆ ಮೂರನೆಯ ದಿನಕ್ಕೆ ಸೋಲುತ್ತಿದ್ದೆ.

ಕೈ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಕೊಂಡಿ ಮೊದಲಿನಷ್ಟು ಚುರುಕಾಗಿ ಕೊನೆಗೂ ಬರಲಿಲ್ಲ. ಶ್ರಾವಣದಲ್ಲಿ ಕೂಡಲಸಂಗಮಕ್ಕೆ ಹೋಗಿ ಬರುವುದೆಂದಾಯಿತು. ಹುನಗುಂದದ ಪೇಟೆಯಲ್ಲಿ ಗಾಡಿ ಹಾಯುವಾಗ ಅಫೀಮಿನ ಅಂಗಡಿ ಎದುರಾಯಿತು. ಅವಳು ಮಾತು ನಿಲ್ಲಿಸಿ ನನ್ನ ಮೊಣಕೈ ಹಿಡಿದಳು. ಅಂಗಡಿ ಹಿಂದೆ ಬೀಳುವ ತನಕ ಬಿಡಲಿಲ್ಲ. ಅವಳ ಉಗುರಿನ ಗುರುತು ಮರುದಿನವೂ ನನ್ನ ತೋಳಿನಲ್ಲಿತ್ತು. ಸಂಗಮದಲ್ಲಿ ಎರಡು ಹೊಳೆಯ ನೀರು ಕೂಡುವಲ್ಲಿ ಮುಳುಗಿ ಎದ್ದು, ಮೊಮ್ಮಗಳ ತಲೆಯ ಮೇಲೆ ನೀರು ಹಾಕಿದಳು. ಏನು ಬೇಡಿಕೊಂಡಳೆಂದು ನಾನು ಕೇಳಲಿಲ್ಲ.

ಇಷ್ಟರ ತನಕದ್ದು ನಮ್ಮ ಮನೆಯ ಮಾತು. ಅದು ಓಣಿಯ ಮಾತಾದದ್ದು ಹೀಗೆ.

ಹೆಂಗಸರು ಮೊದಲಿನ ಹಾಗೆಯೇ ಕೂಸಿಗೆ ಅಫೀಮು ಕೇಳಲು ಅವಳ ಹತ್ತಿರ ಬರುತ್ತಿದ್ದರು. ಅವಳು ಇಲ್ಲವೆಂದಳು, ಕೊಡಬೇಡಿರೆಂದು ಕೈಮುಗಿದಳು. ಒಂದು ದಿನ ಮೂರನೆಯ ಮನೆಯ ಬಾಣಂತಿಯೊಬ್ಬಳು ತಾಳ್ಮೆ ಕಳೆದುಕೊಂಡಳು.

“ನೀ ಬಿಟ್ಟಿ ಅಂತ ನಾವು ಕೂಸಿನ್ನ ಹೆಗಲ ಮ್ಯಾಲ ಹೊತ್ತು ಗಂಜಿ ಹಚ್ಚೂಣೇನ ಅಜ್ಜಿ? ನೀ ಬಂದು ಹಿಡಕೋತಿಯೇನ?”

ಮರುದಿನ ಮುಂಜಾನೆ ಅತ್ತೆ ಪೂಜೆಯಿಂದ ಎದ್ದು ನೇರವಾಗಿ ಆ ಬಾಣಂತಿಯ ಮನೆಗೆ ಹೋಗಿ, ಹಿಡಿದುಕೊಳ್ಳಲು ಬಂದಿದ್ದೇನೆ ಎಂದು ಹೇಳಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಹಾಲಿನ ಹೊತ್ತಿಗೆ ಒಯ್ದು ತಾಯಿಯ ಹತ್ತಿರ ಕುಡಿಸಿಕೊಂಡು ಮತ್ತೆ ತಂದಳು. ವಾರದಲ್ಲಿ ಎರಡನೆಯ ಕೂಸು ಬಂತು. ಪಕ್ಕದ ಮನೆಯ ಮುದುಕಿ ತನ್ನ ಮೊಮ್ಮಗನನ್ನು ತಂದು ಬಿಟ್ಟು, ತಾನೂ ಅಲ್ಲೇ ಕುಳಿತುಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಪಡಸಾಲೆಯ ತೊಲೆಗಳಿಗೆ ಹಳೆಯ ಸೀರೆಯ ಎಂಟು ಜೋಳಿಗೆ ತೊಟ್ಟಿಲುಗಳು ತೂಗುತ್ತಿದ್ದವು. ಒಂದು ಕಡೆ ಮಗ್ಗದ ಸಪ್ಪಳ, ಇನ್ನೊಂದು ಕಡೆ ಕೂಸುಗಳ ಕೂಗು. ನನ್ನ ಗಂಡ ಇದು ಮನೆಯೋ ಹಕ್ಕಿಗೂಡೋ ಎಂದು ಗೊಣಗುತ್ತಿದ್ದ; ಆದರೆ ಕಾಲಿಗೆ ಹಗ್ಗ ಕಟ್ಟಿಕೊಂಡು ಎರಡು ತೊಟ್ಟಿಲು ತೂಗುವುದನ್ನು ಅವನೇ ಕಂಡುಹಿಡಿದ.

ತಕರಾರು ಬರದೇ ಇರಲಿಲ್ಲ. ನಮ್ಮ ಓಣಿಯ ಹಿರಿಯರು ಕೂಡಿ ನ್ಯಾಯ ಹೇಳುವುದನ್ನು ದೈವ ಎನ್ನುತ್ತಿದ್ದರು. ದೈವದ ಮುಂದೆ ಎರಡು ದೂರು ಬಂದವು. ಹಾಲು ಕುಡಿಸುವ ನೆಪದಲ್ಲಿ ಹೆಂಗಸರು ಕೆಲಸ ಬಿಟ್ಟು ಏಳುತ್ತಾರೆ ಎನ್ನುವುದು ಒಂದು. ಬೇರೆ ಬೇರೆ ಜಾತಿಯ ಕೂಸುಗಳು ಒಂದೇ ಮಾಡಿನ ಕೆಳಗೆ ಮಲಗುತ್ತವೆ ಎನ್ನುವುದು ಇನ್ನೊಂದು. ಅತ್ತೆಗೆ ಮಠದ ಅಂಗಳಕ್ಕೆ ಬರಹೇಳಿದರು. ಅಲ್ಲಿಯ ತನಕ ದೈವದಲ್ಲಿ ಹೆಂಗಸು ಮಾತಾಡಿದ್ದಿಲ್ಲ. ಅವಳ ಪರವಾಗಿ ಮಗ ಮಾತಾಡಲಿ ಅಂದರು. ನನ್ನ ಗಂಡ ಎದ್ದು ನಿಂತು, ಅವಳ ಮಾತು ಅವಳೇ ಆಡುತ್ತಾಳೆ ಎಂದು ಹೇಳಿ ಕುಳಿತುಬಿಟ್ಟ. ಅಂದು ನನಗೆ ಅವನ ಮೇಲೆ ಹುಟ್ಟಿದ ಪ್ರೀತಿ ಆಮೇಲೆ ಕಡಿಮೆಯಾಗಲಿಲ್ಲ.

ನಾವು ಹೆಂಗಸರು ಮಠದ ಬಾಗಿಲ ಹೊರಗೆ ನಿಂತಿದ್ದೆವು. ಅತ್ತೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ನಿಂತಳು. ತಾನು ಮೂವತ್ತು ವರ್ಷ ಅಫೀಮು ತಿಂದವಳು, ಅದನ್ನು ಲಿಂಗದ ಜೊತೆಗೆ ಬಚ್ಚಿಟ್ಟವಳು ಎಂದು ಮೊದಲು ಹೇಳಿದಳು. ಓಣಿಯ ಕೂಸುಗಳಿಗೆ ತನ್ನ ಕೈಯಿಂದಲೇ ಕೊಟ್ಟದ್ದನ್ನು ಹೇಳಿದಳು. ಮೊಮ್ಮಗಳ ಸುದ್ದಿ ಹೇಳುವಾಗ ನಾನು ಬಾಗಿಲಿಗೆ ಕಿವಿಯಿಟ್ಟೆ. ಅಲ್ಲಿಯೂ ಅವಳು ನನ್ನ ಹೆಸರು ಎತ್ತಲಿಲ್ಲ, ‘ನಾನು ಕೊಟ್ಟೆ’ ಎಂದೇ ಹೇಳಿದಳು. ಆಮೇಲೆ ಹೇಳಿದ್ದು ಇಷ್ಟು:

“ನನ್ನ ಹೊಟ್ಟ್ಯಾಗ ಹುಟ್ಟಿದ ಮೂರು ಕೂಸು ತೊಟ್ಟಿಲದಾಗ ಹೋದವು. ಯಾವುದು ಬ್ಯಾನಿಲೆ ಹೋತು, ಯಾವುದು ನನ್ನ ಕೈಲೆ ಹೋತು, ನನಗ ಗೊತ್ತಿಲ್ಲರಿ. ನಿಮ್ಮ ಮನಿಯಾಗೂ ಹೋಗ್ಯಾವು. ನಿಮಗರ ಗೊತ್ತೈತೇನು?”

ದೈವದ ಹಿರಿಯರ ಮನೆಗಳಲ್ಲಿ ಕೂಸು ಕಳೆದುಕೊಳ್ಳದ್ದು ಒಂದೂ ಇರಲಿಲ್ಲ. ದೂರು ತಂದಿದ್ದವರಲ್ಲಿ ಒಬ್ಬ ಮುಖಕ್ಕೆ ರುಮಾಲು ಒತ್ತಿಕೊಂಡು ಎದ್ದು ಹೊರಗೆ ಹೋದ. ಅವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಗೋಡೆ ಹಿಡಿದುಕೊಂಡು ಕುಳಿತುಬಿಟ್ಟಳು. ಕೊನೆಗೆ ಅಜ್ಜಾರು, ಮಠದ ಹಿಂದಿನ ಕೋಲಿ ಖಾಲಿ ಇದೆ, ತೊಟ್ಟಿಲುಗಳನ್ನು ಆ ಕೋಣೆಯಲ್ಲಿ ಕಟ್ಟಲಿ, ದೇವರಿಗೆ ಕೂಸಿನ ಜಾತಿ ತಿಳಿಯುವುದಿಲ್ಲ ಅಂದರು. ಹಾಲು ಕುಡಿಸಲು ಏಳುವ ಹೆಂಗಸನ್ನು ಯಾರೂ ತಡೆಯಬಾರದು, ದಿನಕ್ಕೆ ಒಂದು ಮನೆಯಿಂದ ಒಬ್ಬ ಮುದುಕಿ ಸರದಿಯಂತೆ ಬರಬೇಕು ಎಂದು ದೈವ ಒಪ್ಪಿತು.

ಎಲ್ಲರೂ ಕೇಳಿದರೆಂದು ಹೇಳಲಾರೆ. ಕದ್ದು ಕೊಡುವವರು ಕೊಡುತ್ತಲೇ ಇದ್ದರು, ಅಂಗಡಿಯೂ ಮುಚ್ಚಲಿಲ್ಲ. ಅಫೀಮು ಬಿಡಿಸಬೇಕೆಂದು ತಮ್ಮ ಗಂಡಂದಿರನ್ನು ಅವಳ ಹತ್ತಿರ ತಂದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ನಿರಾಶೆಯಿಂದ ಹೋದರು. ಅವಳು ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ಹನ್ನೊಂದು ದಿನ ಬಹಳ ಕಷ್ಟ, ಆ ಹನ್ನೊಂದು ದಿನ ನಾನು ಬಂದು ಕಾಲು ಒತ್ತುತ್ತೇನೆ ಎನ್ನುತ್ತಿದ್ದಳು. ಒತ್ತಿದಳೂ ಕೂಡ.

ಮುಂದೆ ಊರಿಗೆ ಪ್ಲೇಗು ಬಂದು ಇಲಿ ಸತ್ತು ಬಿದ್ದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಎಲ್ಲಿ ಯಾರ ಗುಡಿಸಲು, ನೀರು ಯಾವ ಬಾವಿಯದು, ಜ್ವರ ಬಂದವರನ್ನು ನೋಡುವವರು ಯಾರು ಎಂದು ಕೇಳಲು ಗಂಡಸರೂ ಅವಳ ಹತ್ತಿರ ಬಂದರು. ಯಾರು ಅವಳನ್ನು ಆ ಜಾಗದಲ್ಲಿ ಕೂಡಿಸಿದರೋ ನನಗೆ ನೆನಪಿಲ್ಲ; ಯಾರೂ ಕೂಡಿಸಿರಲಿಕ್ಕಿಲ್ಲ. ತಾಯಿ ಸತ್ತ ಎರಡು ಕೂಸುಗಳನ್ನು ನಮ್ಮ ಗುಡಿಸಲಿಗೇ ತಂದಳು. ಒಂದಕ್ಕೆ ನಾನು ಹಾಲು ಕೊಟ್ಟೆ, ಇನ್ನೊಂದಕ್ಕೆ ಪಕ್ಕದ ಬಣ್ಣದ ಮನೆಯ ಮುದುಕಿಯ ಸೊಸೆ ಕೊಟ್ಟಳು. ಎರಡೂ ಬದುಕಿದವು. ಊರಿಗೆ ಮರಳಿದ ಮೇಲೆ ದೈವ ಕೂಡಿದಾಗಲೆಲ್ಲ ಅವಳಿಗೆ ಕರೆ ಬರುತ್ತಿತ್ತು. ಅವಳು ಹೋಗಿ ಕಂಬದ ಹತ್ತಿರ ಕುಳಿತು, ಕೇಳಿದರೆ ಮಾತ್ರ ಹೇಳುತ್ತಿದ್ದಳು.

ಅವಳ ಕೊನೆಯ ವರ್ಷಗಳಲ್ಲಿ ಒಂದು ದಿನ, ಈಗಲೂ ಅದು ಬೇಕೆನ್ನಿಸುತ್ತದೆಯೇ ಎಂದು ನಾನು ಕೇಳಿದೆ.

“ದಿನಾ ಅನಸತೈತಿ ತಂಗಿ. ಮುಂಜಾನಿ ಎದ್ದ ಕೂಡ್ಲೆ ಅನಸತೈತಿ. ಪೂಜಿಗೆ ಕೂತು ಏಳೂದರಾಗ ಆ ದಿನದ್ದು ಹೋಗಿರತೈತಿ” ಅಂದಳು.

ಅದೇ ದಿನ ನಾನು ಧೈರ್ಯ ಮಾಡಿ, ಆ ಮಧ್ಯಾಹ್ನ ಕೂಸಿಗೆ ಕೊಟ್ಟದ್ದು ನಾನೆಂದು ನೀವು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಅವಳು ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ. ಡಬ್ಬಿ ನನ್ನದಾಗಿತ್ತಲ್ಲ ಎಂದಷ್ಟೇ ಹೇಳಿ ಇನ್ನೊಂದು ಬತ್ತಿ ತೆಗೆದುಕೊಂಡಳು.

ಅವಳು ತೀರಿಕೊಂಡ ಹದಿನೈದನೆಯ ದಿನ ಓಣಿಯ ಹೆಂಗಸರು ಏಳೆಂಟು ಜನ ನಮ್ಮ ಮನೆಗೆ ಬಂದರು. ಮಠದ ಕೋಲಿಯಲ್ಲಿ ಆಗ ಹನ್ನೆರಡು ತೊಟ್ಟಿಲುಗಳಿದ್ದವು. ನೋಡಿಕೊಳ್ಳಲು ಒಬ್ಬರು ಬೇಕು, ನೀನು ಬಾ ಅಂದರು. ನನ್ನಿಂದ ಆಗುವುದಿಲ್ಲ, ನನಗೆ ಅತ್ತೆಯ ಯೋಗ್ಯತೆ ಇಲ್ಲ ಅಂದೆ. ಬಣ್ಣದ ಮನೆಯ ಸೊಸೆ, ಯೋಗ್ಯತೆ ಯಾರು ಕೇಳಿದರು, ಕೂಸುಗಳು ಅಳುತ್ತಿವೆ ಎಂದಳು. ಮರುದಿನ ಬೇಗನೆ ರೊಟ್ಟಿ ಬಡಿದಿಟ್ಟು ನಾನು ಹೋದೆ.